ಬೋರರ್ ಸುಡಿಸುವವನು ಹುಳವಾಗಿ ಆಡಿದ ಆಟ: ಹಾಲೋ ನೈಟ್

ನಾನು ರೈಟರು. ಕಥೆ ಬರೆಯೋ ರೈಟರ್ ಅಲ್ಲ, ಆಲ್ದೂರಿನಿಂದ ಸ್ವಲ್ಪ ಒಳಗೆ ಒಂದು ಕಾಫಿ ತೋಟದಲ್ಲಿ ಮಸ್ಟರ್ ಬರೆಯೋ ರೈಟರು. ಬೆಳಿಗ್ಗೆ ಎಷ್ಟು ಆಳು ಬಂದರು, ಯಾವ ಬ್ಲಾಕಿಗೆ ಹೋದರು, ರಾತ್ರಿ ಎಷ್ಟು ಇಂಚು ಮಳೆ ಬಿತ್ತು, ಇಷ್ಟೇ ನನ್ನ ಬರವಣಿಗೆ. ವರ್ಷಕ್ಕೆ ಎರಡು ಸಲ, ಮಾರ್ಚ್‌ನಲ್ಲಿ ಒಮ್ಮೆ ಸೆಪ್ಟೆಂಬರ್‌ನಲ್ಲಿ ಒಮ್ಮೆ, ಅರೇಬಿಕಾ ಕಾಫಿ ಗಿಡಗಳಲ್ಲಿ ಬೋರರ್, ಅಂದರೆ ಕಾಂಡ ಕೊರೆಯೋ ಹುಳ, ಹುಡುಕಿಸುತ್ತೇನೆ. ಕಾಂಡದ ಮೇಲೆ ಬೆರಳಾಡಿಸಿದರೆ ಉಬ್ಬು ಸಿಗುತ್ತದೆ. ಒಳಗೆ ಮರಿಹುಳ ಸುರಂಗ ಕೊರೆದುಕೊಂಡು ಹಾಯಾಗಿ ಕೂತಿರುತ್ತದೆ. ಗಿಡ ಕಿತ್ತು ಸುಡಬೇಕು, ಬೇರೆ ದಾರಿಯಿಲ್ಲ.

ಇಂಥವನಿಗೆ ಅಕ್ಕನ ಮಗ ಕೊಟ್ಟಿದ್ದು ಹಾಲೋ ನೈಟ್ ಅನ್ನೋ ಹುಳಗಳ ಕಂಪ್ಯೂಟರ್ ಆಟ. ಹಾಸನದಲ್ಲಿ ಅವರ ಮನೆಗೆ ಹೋದಾಗ ನನ್ನ ಹಳೇ ಲ್ಯಾಪ್‌ಟಾಪಿಗೆ ಅವನೇ ಇಳಿಸಿಕೊಟ್ಟ. ಸುಮಾರು 9 ಜಿಬಿ. ನಮ್ಮ ತೋಟದಲ್ಲಿ ಕಣದ ಮೂಲೆಗೆ ಹೋಗಿ ನಿಂತರೆ ಮಾತ್ರ ನೆಟ್‌ವರ್ಕ್, ಅಲ್ಲಿ ಇದನ್ನು ಇಳಿಸೋದು ಕನಸಿನ ಮಾತು. ಒಮ್ಮೆ ಇಳಿಸಿ ಸ್ಟೀಮ್ (ಆಟ ಕೊಂಡು ಇಳಿಸಿಕೊಳ್ಳೋ ಆನ್‌ಲೈನ್ ಅಂಗಡಿ) ಅನ್ನು ಆಫ್‌ಲೈನ್ ಮಾಡಿಕೊಂಡರೆ ಆಮೇಲೆ ಇಂಟರ್‌ನೆಟ್ ಬೇಡ. ಮಲೆನಾಡಿನವರಿಗೆ ಇದೇ ಮೊದಲ ಪ್ಲಸ್ ಪಾಯಿಂಟ್. 4 ಜಿಬಿ ರ್‍ಯಾಮ್‌ನ ನನ್ನ ಡಬ್ಬದಲ್ಲೂ ಓಡಿತು. ಕೆಲವು ಕಡೆ ತಡವರಿಸುತ್ತದೆ, ಅದು ಡಬ್ಬದ ತಪ್ಪು.

ಆಸ್ಟ್ರೇಲಿಯಾದ ಅಡಿಲೇಡ್ ಊರಿನ ಟೀಮ್ ಚೆರ್ರಿ ಎಂಬ ಪುಟ್ಟ ತಂಡ ಮಾಡಿದ ಆಟ ಇದು. 2014ರಲ್ಲಿ ಕಿಕ್‌ಸ್ಟಾರ್ಟರ್ ಅನ್ನೋ ಜನರಿಂದ ದುಡ್ಡು ಎತ್ತೋ ವೆಬ್‌ಸೈಟಿನಲ್ಲಿ 35,000 ಆಸ್ಟ್ರೇಲಿಯನ್ ಡಾಲರ್ ಕೇಳಿದ್ದರು, 57,000 ದಾಟಿ ಬಂತು. ಆಟ ಬಂದಿದ್ದು 2017ರ ಫೆಬ್ರವರಿಯಲ್ಲಿ. ಬೆರಳೆಣಿಕೆ ಜನ ಕೈಯಲ್ಲಿ ಗೆರೆ ಎಳೆದು ಇಷ್ಟು ದೊಡ್ಡ ರಾಜ್ಯ ಕಟ್ಟಿದ್ದಾರೆ ಅಂದರೆ ಈಗಲೂ ನಂಬೋದು ಕಷ್ಟ.

ರಾಜ್ಯದ ಹೆಸರು ಹ್ಯಾಲೋನೆಸ್ಟ್. ಪೂರ್ತಿ ನೆಲದ ಅಡಿಗೆ, ಪೂರ್ತಿ ಹುಳಗಳದು, ಮತ್ತು ಪೂರ್ತಿ ಪಾಳು. ನೀವು ಎರಡು ಕೊಂಬಿನ ಬಿಳಿ ಮುಖದ ಒಂದು ಪುಟ್ಟ ಹುಳ. ಕೈಯಲ್ಲಿರೋ ಕತ್ತಿಗೆ 'ಮೊಳೆ' ಅಂತ ಹೆಸರು. ಎಲ್ಲಿಗೆ ಹೋಗಬೇಕು, ಯಾಕೆ ಹೋಗಬೇಕು ಅಂತ ಯಾರೂ ಹೇಳುವುದಿಲ್ಲ. ಒಂದು ಗೋಡೆ ಎತ್ತರ ಇದೆ, ಹತ್ತಲು ಆಗಲ್ಲ. ಮೂರು ದಿನದ ಮೇಲೆ ಬೇರೆಲ್ಲೋ ಒಂದು ಪಂಜ ಸಿಗುತ್ತದೆ, ಗೋಡೆ ಹಿಡಿದು ಹಾರಬಹುದು. ಆಗ ನೆನಪಾಗುತ್ತದೆ, ಅರೆ, ಆ ಗೋಡೆ! ಈ ಜಾತಿಯ ಆಟಕ್ಕೆ ಮೆಟ್ರಾಯ್ಡ್‌ವೇನಿಯಾ ಅಂತ ಹೆಸರಂತೆ. ಆಟ ಮುಗಿಯೋ ಹೊತ್ತಿಗೂ ನನಗೆ ಆ ಪದ ಒಂದೇ ಉಸಿರಲ್ಲಿ ಹೇಳಲು ಬರಲಿಲ್ಲ.

ದಾರಿ ತಪ್ಪುವುದರಲ್ಲಿ ಇಷ್ಟು ಖುಷಿ ಇದೆ ಅಂತ ಈ ಆಟ ಆಡೋವರೆಗೆ ಗೊತ್ತಿರಲಿಲ್ಲ. ಹೊಸ ಜಾಗಕ್ಕೆ ಇಳಿದಾಗ ನಿಮ್ಮ ಹತ್ತಿರ ಆ ಜಾಗದ ಮ್ಯಾಪ್ ಇರುವುದಿಲ್ಲ. ಅಲ್ಲೇ ಎಲ್ಲೋ ಕಾರ್ನಿಫರ್ ಅಂತ ಒಬ್ಬ ಕೂತು ಮ್ಯಾಪ್ ಬರೆಯುತ್ತಿರುತ್ತಾನೆ. ಅವನು ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತಾನೆ. ಗುಂಯ್ ಅಂತ ಒಂದು ಗುನುಗು. ಆಮೇಲೆ ನೆಲದ ಮೇಲೆ ಚೆಲ್ಲಿದ ಕಾಗದಗಳು. ಕಾಗದದ ಜಾಡು ಹಿಡಿದು ಹೋದರೆ ದಪ್ಪ ಕನ್ನಡಕದ ಆಸಾಮಿ. ಮೊದಲ ಮ್ಯಾಪಿಗೆ 30 ಜಿಯೋ. (ಜಿಯೋ ಅಂದರೆ ಸಿಮ್ ಅಲ್ಲ, ಅಲ್ಲಿನ ದುಡ್ಡು.) ಅವನು ಕೊಡುವ ಮ್ಯಾಪೂ ಅರ್ಧಂಬರ್ಧ. ಉಳಿದಿದ್ದನ್ನು ನೀವೇ ಓಡಾಡಿ, ಬೆಂಚಿನ ಮೇಲೆ ಕೂತಾಗ ಗರಿ ಲೇಖನಿಯಿಂದ ತುಂಬಿಸಬೇಕು. ಆ ಲೇಖನಿಯನ್ನೂ ದುಡ್ಡು ಕೊಟ್ಟೇ ಕೊಳ್ಳಬೇಕು, 120 ಜಿಯೋ. ಮಾರೋದು ಅವನ ಹೆಂಡತಿ. ಗಂಡ ಊರೂರು ಅಲೆಯುತ್ತಾನೆ, ಹೆಂಡತಿ ಅಂಗಡಿಯಲ್ಲಿ ಬೇಜಾರು ಮಾಡಿಕೊಂಡು ಕೂತಿರುತ್ತಾಳೆ. ನನ್ನಾಕೆ ಪಕ್ಕದಲ್ಲಿ ಕೂತು ನೋಡುತ್ತಾ, "ಈಯಮ್ಮ ಪರಿಚಯದವಳ ಹಾಗೆ ಕಾಣ್ತಾಳೆ" ಅಂದಳು. ನಾನು ಮಾತಾಡಲಿಲ್ಲ.

ನಾನು ಈ ತೋಟಕ್ಕೆ ಸೇರಿದ ಹೊಸತರಲ್ಲಿ ಹೀಗೇ ಆಗಿತ್ತು. ಯಾವ ಬ್ಲಾಕ್ ಎಲ್ಲಿಗೆ ಸೇರುತ್ತದೆ ಅಂತ ಯಾರೂ ಮ್ಯಾಪ್ ಕೊಡಲಿಲ್ಲ. ಎರಡು ಸಲ ಹಳ್ಳದ ಆಚೆ ಇಳಿದು ಪಕ್ಕದ ತೋಟದ ಲೈನ್ ಮನೆ ಮುಂದೆ ಎದ್ದಿದ್ದೆ. ಕಾಲಿನ ತುಂಬಾ ಉಂಬಳ (ಜಿಗಣೆ). ಹಾಗೆ ತಪ್ಪಿ ತಪ್ಪಿ ಕಲಿತ ದಾರಿ ಇವತ್ತಿಗೂ ಕಣ್ಣು ಮುಚ್ಚಿ ಹೇಳುತ್ತೇನೆ. ಈ ಆಟದ ದಾರಿಗಳೂ ಹಾಗೇ ತಲೆಯಲ್ಲಿ ಕೂತಿವೆ.

ಮಳೆಯ ವಿಷಯ ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. ಸಿಟಿ ಆಫ್ ಟಿಯರ್ಸ್ ಅಂತ ಒಂದು ನಗರ ಇದೆ. ನೆಲದ ಅಡಿಗಿದ್ದರೂ ಅಲ್ಲಿ ಸದಾ ಮಳೆ. ಕಲ್ಲಿನ ಕಟ್ಟಡ, ಎತ್ತರದ ಗಾಜಿನ ಕಿಟಕಿ, ಅದರ ಮೇಲೆ ನೀರು ಇಳಿಯುತ್ತಲೇ ಇರುತ್ತದೆ. ಜುಲೈ ತಿಂಗಳು, ನಮ್ಮ ಹೆಂಚಿನ ಮೇಲೂ ಅದೇ ಸದ್ದು. ಇಯರ್‌ಫೋನ್ ತೆಗೆದೆ, ಹಾಕಿದೆ, ತೆಗೆದೆ. ಯಾವುದು ಆಟದ ಮಳೆ ಯಾವುದು ನಮ್ಮದು ಅಂತ ಗೊತ್ತಾಗಲಿಲ್ಲ. ಕಿಟಕಿ ಪಕ್ಕ ಒಂದು ಬೆಂಚ್ ಇದೆ. ಕ್ವಿರಲ್ ಅಂತ ಒಬ್ಬ ಅಲೆಮಾರಿ ಅಲ್ಲಿ ಕೂತು ಮಳೆ ನೋಡುತ್ತಿರುತ್ತಾನೆ. ನಾವೂ ಪಕ್ಕದಲ್ಲಿ ಕೂರಬಹುದು. ಕೂತರೆ ಏನೂ ಆಗುವುದಿಲ್ಲ. ಸುಮ್ನೆ ಕೂರೋದು. ನಾನು ಎರಡು ಲೋಟ ಕಾಫಿ ಮುಗಿಸಿದೆ. ಕ್ರಿಸ್ಟೋಫರ್ ಲಾರ್ಕಿನ್ ಎಂಬಾತ ಕೊಟ್ಟ ಸಂಗೀತ ಹಿಂದೆ ಮೆಲ್ಲಗೆ ನಡೆಯುತ್ತಿತ್ತು.

ಎಷ್ಟೋ ದಿನದ ಮೇಲೆ ಬೇರೆಲ್ಲೋ ಅಲೆಯುವಾಗ ಒಂದು ದೊಡ್ಡ ನೀಲಿ ಕೆರೆ ಸಿಕ್ಕಿತು. ಸದ್ದಿಲ್ಲ, ಶತ್ರುಗಳಿಲ್ಲ. ಮ್ಯಾಪ್ ತೆಗೆದು ನೋಡಿದೆ. ಕೆರೆ ನೇರ ನಗರದ ನೆತ್ತಿಯ ಮೇಲಿದೆ. ಮಳೆಯಲ್ಲ ಅದು, ಸೂರು ಸೋರುತ್ತಿರೋದು! ಮಲೆನಾಡಿನವನಿಗೆ ಇದನ್ನು ಬಾಯಿಬಿಟ್ಟು ವಿವರಿಸಬೇಕಾಗಿಲ್ಲ, ಆಟವೂ ದೊಡ್ಡದಾಗಿ ವಿವರಿಸುವುದಿಲ್ಲ. ಕೆರೆ ಒಂದು ಕಡೆ ಇಟ್ಟಿದ್ದಾರೆ, ನಗರ ಒಂದು ಕಡೆ ಇಟ್ಟಿದ್ದಾರೆ, ಲೆಕ್ಕ ನಾವು ಹಾಕಿಕೊಳ್ಳಬೇಕು. ಕಥೆಯೂ ಹೆಚ್ಚುಕಡಿಮೆ ಹೀಗೇ ಸಿಗೋದು.

ಕಾದಾಟಕ್ಕೆ ಬರೋಣ. ಶುರುವಲ್ಲಿ ಐದು ಮುಖವಾಡ, ಅಂದರೆ ಐದು ಜೀವ. ಶತ್ರುವಿಗೆ ಮೂರು ಹೊಡೆತ ಕೊಟ್ಟರೆ ಒಂದು ಮುಖವಾಡ ವಾಪಸ್ ತುಂಬಿಕೊಳ್ಳುವಷ್ಟು ಶಕ್ತಿ ಬರುತ್ತದೆ. ಆದರೆ ತುಂಬಿಕೊಳ್ಳಲು ಒಂದು ಕ್ಷಣ ಕದಲದೆ ನಿಲ್ಲಬೇಕು. ಆ ಒಂದು ಕ್ಷಣ ಸಿಗಲ್ಲ ಅನ್ನೋದೇ ಆಟ. ಕೀಬೋರ್ಡ್‌ನಲ್ಲಿ ಝಡ್ ಒತ್ತಿದರೆ ಹಾರು, ಎಕ್ಸ್ ಒತ್ತಿದರೆ ಹೊಡಿ. ಬಟವಾಡೆ ಪಟ್ಟಿ ಮಾಡೋ ಕೀಬೋರ್ಡೇ ಇದಕ್ಕೂ, ಈಗ ಎಕ್ಸ್ ಅಕ್ಷರ ಅಳಿಸಿಹೋಗಿದೆ. ಕೈಯಲ್ಲಿ ಹಿಡಿಯೋ ಕಂಟ್ರೋಲರ್ ಇದ್ದರೆ ಸುಖ ಅನ್ನುತ್ತಾನೆ ಅಕ್ಕನ ಮಗ. ಇಲ್ಲದೆಯೂ ಆಯಿತು.

ಜಿರಳೆ ಕುಲಕ್ಕೆ ಹತ್ತಿರದ ಮ್ಯಾಂಟಿಸ್ ಅನ್ನೋ ಹುಳ ಗೊತ್ತಲ್ಲ, ಕೈ ಮುಗಿದು ನಿಂತ ಹಾಗೆ ಕಾಣುತ್ತದೆ. ಅವುಗಳದೊಂದು ಹಳ್ಳಿ ಇದೆ. ಹೊಕ್ಕ ಕೂಡಲೇ ಮೇಲೆ ಬೀಳುತ್ತವೆ. ಕೆಳಗೆ ಸಿಂಹಾಸನಗಳ ಮೇಲೆ ಮೂವರು ದೊರೆಗಳು. ಸವಾಲು ಹಾಕಿದರೆ ಮೊದಲು ಒಬ್ಬರು ಇಳಿದು ಬರುತ್ತಾರೆ. ಗೆದ್ದರೆ ಉಳಿದ ಇಬ್ಬರು ಒಟ್ಟಿಗೆ. ಎರಡೂ ಬದಿ ಮುಳ್ಳು, ಮಧ್ಯೆ ನೀವು. ನನಗೆ ನಾಲ್ಕು ರಾತ್ರಿ ಹಿಡಿಯಿತು. ನಾಲ್ಕನೇ ರಾತ್ರಿ ಯಾವ ಹೊಡೆತಕ್ಕೆ ಯಾವ ಹೆಜ್ಜೆ ಅಂತ ಕೈಗೇ ಗೊತ್ತಾಗಿಹೋಗಿತ್ತು, ತಲೆ ಬೇಕಾಗಲಿಲ್ಲ. ಗೆದ್ದ ಮೇಲೆ ಮೂವರೂ ಎದ್ದು ತಲೆಬಾಗಿದರು. ಹಳ್ಳಿಯಲ್ಲಿ ಹಿಂದೆ ಮೇಲೆ ಬೀಳುತ್ತಿದ್ದ ಹುಳಗಳೂ ಈಗ ನಿಂತು ತಲೆಬಾಗುತ್ತವೆ. ಆ ರಾತ್ರಿ ಎದ್ದು ಅಡುಗೆಮನೆಗೆ ಹೋಗಿ ಸುಮ್ನೆ ನೀರು ಕುಡಿದು ಬಂದೆ.

ಈಗ ದೂರುಗಳು.

ಮೊದಲ ಮೂರು ನಾಲ್ಕು ಗಂಟೆ ಆಟ ಬೋರು. ಬೂದು ಬಣ್ಣದ ಸುರಂಗ, ಒಂದರ ಹಾಗೆ ಇನ್ನೊಂದು. ಓಡಲು ಬರಲ್ಲ, ಗೋಡೆ ಹತ್ತಲು ಬರಲ್ಲ. ಬಹಳ ಜನ ಇಲ್ಲೇ ಬಿಡುತ್ತಾರೆ ಅಂದರೆ ನನಗೆ ಆಶ್ಚರ್ಯ ಇಲ್ಲ. ನಾನೂ ಒಂದು ವಾರ ಬಿಟ್ಟಿದ್ದೆ.

ಎರಡನೆಯದು ದಿಕ್ಸೂಚಿ. ಮ್ಯಾಪ್ ಇದ್ದರೂ ಅದರಲ್ಲಿ ನೀವು ಎಲ್ಲಿದ್ದೀರಿ ಅಂತ ಕಾಣುವುದಿಲ್ಲ. ಕಾಣಬೇಕಾದರೆ 220 ಜಿಯೋ ಕೊಟ್ಟು ಒಂದು ಚಾರ್ಮ್ ಕೊಳ್ಳಬೇಕು. ಚಾರ್ಮ್ ಅಂದರೆ ನಮ್ಮ ತಾಯತ ಇದ್ದ ಹಾಗೆ. ಕೊಂಡರೆ ಸಾಲದು, ಕಟ್ಟಿಕೊಳ್ಳಬೇಕು, ಕಟ್ಟಿಕೊಳ್ಳಲು ಮೊದಲಿಗೆ ಇರೋದು ಮೂರೇ ಜಾಗ. ಒಂದು ಜಾಗ ದಿಕ್ಸೂಚಿಗೆ ಹೋದರೆ ಕಾದಾಟಕ್ಕೆ ಬೇಕಾದ ತಾಯತ ಬಿಡಬೇಕು. ಇದರಲ್ಲಿ ಏನೋ ದೊಡ್ಡ ಆಯ್ಕೆ ಇದೆ ಅಂತ ಮಾಡಿದವರು ಅಂದುಕೊಂಡಿರಬಹುದು. ನಾನಂತೂ ಕೊನೇವರೆಗೂ ಬಿಚ್ಚಲಿಲ್ಲ. ಅದು ಆಯ್ಕೆಯಲ್ಲ, ತೆರಿಗೆ.

ದೊಡ್ಡ ದೂರು ಮೂರನೆಯದು. ಸತ್ತರೆ ಕೊನೆಗೆ ಕೂತ ಬೆಂಚಿನ ಮೇಲೆ ಎದ್ದೇಳುತ್ತೀರಿ. ನಿಮ್ಮ ದುಡ್ಡೆಲ್ಲ ಸತ್ತ ಜಾಗದಲ್ಲಿ, ನಿಮ್ಮದೇ ಕಪ್ಪು ನೆರಳಿನ ಹತ್ತಿರ. ಹೋಗಿ ಅದನ್ನು ಹೊಡೆದು ವಾಪಸ್ ಪಡೆಯಬೇಕು. ದಾರಿಯಲ್ಲಿ ಮತ್ತೆ ಸತ್ತರೆ ದುಡ್ಡು ಹೋಯಿತು. ಇದಕ್ಕೆ ನನ್ನ ತಕರಾರಿಲ್ಲ. ತಕರಾರು ಆ ನಡಿಗೆಗೆ. ನಗರದ ಒಂದು ಗೋಪುರದ ತುದಿಯಲ್ಲಿ ಸೋಲ್ ಮಾಸ್ಟರ್ ಅಂತ ಒಬ್ಬ ಮಂತ್ರವಾದಿ ಇದ್ದಾನೆ. ಬೆಂಚಿನಿಂದ ಅವನ ಕೋಣೆಗೆ ಮಹಡಿ ಮಹಡಿ ಹತ್ತಬೇಕು, ದಾರಿ ತುಂಬಾ ಅವನ ಚೇಲಾಗಳು. ನನ್ನ ವೇಗಕ್ಕೆ ಎರಡು ನಿಮಿಷ. ನಾನು ಸತ್ತಿದ್ದು 19 ಸಲ. ಮಸ್ಟರ್ ಲೆಕ್ಕದಲ್ಲಿ ಹೇಳೋದಾದರೆ 38 ನಿಮಿಷ ಗೊತ್ತಿರೋ ಮೆಟ್ಟಿಲು ಹತ್ತಿದ್ದೇ ಕೆಲಸ. 12ನೇ ಸಲ ಅವನು ಬಿದ್ದ. ಗೆದ್ದೆ ಅಂತ ಕೀಬೋರ್ಡ್ ಬಿಟ್ಟು ಕಾಫಿ ಲೋಟ ಎತ್ತಿಕೊಂಡೆ. ಅವನು ಸತ್ತಿರಲಿಲ್ಲ. (ಇದು ಮಾತ್ರ ಆಟದ ಬುದ್ಧಿವಂತಿಕೆ, ಬೈಯುತ್ತಲೇ ಮೆಚ್ಚಿದೆ.)

ದಾರಿ ತಪ್ಪಿ ಎರಡು ಗಂಟೆ ಅಲೆದರೂ ನನಗೆ ಬೇಜಾರಾಗಲಿಲ್ಲ. ಗೊತ್ತಿರೋ ದಾರಿಯನ್ನು ಎರಡು ನಿಮಿಷ ತುಳಿಯೋದಕ್ಕೆ ಬೇಜಾರಾಯಿತು. ಅದನ್ನು ನಾನು ದಿನಾ ಸಂಬಳಕ್ಕೆ ಮಾಡುತ್ತೇನಲ್ಲ, ರಾತ್ರಿ ಯಾಕೆ? ಅದರ ಜೊತೆ ನಮ್ಮ ಮಳೆಗಾಲ. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಎರಡು ವರ್ಷ, ಮನೆಯ ಇನ್ವರ್ಟರ್ ಎರಡು ಬಲ್ಬಿಗೆ ಮಾತ್ರ. ಯಾವುದೋ ತಿರುವಿನಲ್ಲಿ ಸಿಲ್ವರ್ ಮರ ಲೈನ್ ಮೇಲೆ ಬಿತ್ತು ಅಂದರೆ ಪರದೆ ಕಪ್ಪು. ಮತ್ತೆ ಕರೆಂಟ್ ಬಂದಾಗ ಅದೇ ಹಳೇ ಬೆಂಚು, ಅದೇ ಮೆಟ್ಟಿಲು. ಕೂತ ಬೆಂಚು ಮಾತ್ರ ಗಟ್ಟಿ ಅಂತ ಕಲಿತೆ. ಬೆಂಚ್ ಕಂಡರೆ ಕೂರಿ, ಯೋಚನೆ ಮಾಡಬೇಡಿ.

ದುಡ್ಡಿನ ಬಗ್ಗೆ ಇನ್ನೊಂದು ಎಚ್ಚರಿಕೆ. ಅಣಬೆ ಕಾಡಿನಲ್ಲಿ ಮಿಲಿಬೆಲ್ ಅಂತ ಒಬ್ಬಳು ಬ್ಯಾಂಕ್ ಇಟ್ಟುಕೊಂಡಿದ್ದಾಳೆ. ಸತ್ತರೆ ದುಡ್ಡು ಹೋಗುತ್ತಲ್ಲ, ಇಲ್ಲಿಟ್ಟರೆ ಭದ್ರ ಅಂತ ನಾನೂ ಇಟ್ಟೆ. ನಮ್ಮ ಕಡೆ ಚೀಟಿ ನಡೆಸುವವರು ರಾತ್ರೋರಾತ್ರಿ ಮನೆ ಖಾಲಿ ಮಾಡುತ್ತಾರಲ್ಲ, ಹಾಗೇ ಆಯಿತು. ಅವಳು ಮುಂದೆ ಎಲ್ಲಿ ಸಿಗುತ್ತಾಳೆ ಅಂತ ಹೇಳುವುದಿಲ್ಲ. ಸಿಕ್ಕಾಗ ಮೊಳೆ ಕೈಯಲ್ಲಿರಲಿ.

ಡೀಪ್‌ನೆಸ್ಟ್ ಎಂಬ ಜಾಗಕ್ಕೆ ನಾನು ಬೇಕೆಂದು ಇಳಿಯಲಿಲ್ಲ, ನೆಲ ಕುಸಿದು ಬಿದ್ದೆ. ಕತ್ತಲೆ, ಇಕ್ಕಟ್ಟು, ಗೋಡೆಯೊಳಗೆ ಕಾಲುಗಳ ಸರಸರ. ಕೊಂದ ಹುಳ ಎದ್ದು ಕಾಲು ಬೆಳೆಸಿಕೊಂಡು ಮತ್ತೆ ಬರುತ್ತದೆ. ಹುಳ ಅಂದರೆ ಮೈ ಜುಮ್ಮೆನ್ನುವವರು ಈ ಆಟ ಮುಟ್ಟಬೇಡಿ. ನನಗೇ ಎರಡು ದಿನ ಗಿಡದ ಪೊಟರೆಗೆ ಕೈ ಹಾಕಲು ಮನಸ್ಸು ಬರಲಿಲ್ಲ.

ವೈಟ್ ಪ್ಯಾಲೇಸ್ ಅನ್ನೋ ಜಾಗದ ಬಗ್ಗೆ ಜಾಸ್ತಿ ಬರೆಯಲ್ಲ. ತಿರುಗೋ ಗರಗಸಗಳ ಮಧ್ಯೆ ಹಾರೋದು. ಬೆರಳು ಚುರುಕಿರೋ ಹುಡುಗರಿಗೆ ಹಬ್ಬ. ಆಟದ ಸಾಧಾರಣ ಮುಕ್ತಾಯಕ್ಕೆ ಅದು ಬೇಕಿಲ್ಲ, ನಿಜವಾದ ಮುಕ್ತಾಯಕ್ಕೆ ಬೇಕು. ಆದರೆ ನಿಜವಾದ ಮುಕ್ತಾಯ ಅಂತ ಇನ್ನೊಂದಿದೆ ಅನ್ನೋದೇ ನನಗೆ ಆಟ ಮುಗಿಸಿದ ಮೇಲೆ ಗೊತ್ತಾಗಿದ್ದು. ಸುಳಿವು ಕೊಡದೆ ಇರೋದಕ್ಕೂ ಒಂದು ಮಿತಿ ಬೇಕು, ಅಲ್ವಾ? ಇನ್ನೊಂದು ಸಣ್ಣ ನೋವು: ಜಪಾನಿ, ಕೊರಿಯನ್ ಸೇರಿ ಹತ್ತು ಭಾಷೆಯಲ್ಲಿ ಆಟ ಇದೆ, ನಮ್ಮ ದೇಶದ ಒಂದು ಭಾಷೆಯೂ ಇಲ್ಲ. ಮಾತು ಕಡಿಮೆ ಇರೋದರಿಂದ ಬಚಾವ್.

ರೇಟಿನ ಬಗ್ಗೆ ದೂರೇ ಇಲ್ಲ. ಆಟ ಬಂದ ಮೇಲೆ ನಾಲ್ಕು ಸಲ ಹೊಸ ಭಾಗ ಸೇರಿಸಿದ್ದಾರೆ, ನಾಲ್ಕೂ ಪುಕ್ಕಟೆ. ಪೂರ್ತಿ ಮಾಡಿದರೆ ನೂರಕ್ಕೆ 112 ತೋರಿಸುತ್ತದೆ, ಅದೊಂದು ತಮಾಷೆ. ಮುಂದಿನ ಭಾಗ ಸಿಲ್ಕ್‌ಸಾಂಗ್ 2025ರ ಸೆಪ್ಟೆಂಬರ್‌ನಲ್ಲಿ ಬಂತು. ಅಕ್ಕನ ಮಗ ಆಗಲೇ ಕೊಂಡಿದ್ದಾನೆ. ನಾನಿನ್ನೂ ಇಲ್ಲ, ಯಾಕೆಂದರೆ ಇದರಲ್ಲೇ ಕೆಲಸ ಬಾಕಿ ಇದೆ.

ಆ ಬಾಕಿ ಕೆಲಸ ಕೇಳಿದರೆ ನಮ್ಮ ಆಳುಗಳು ನಗುತ್ತಾರೆ. ಈ ರಾಜ್ಯದಲ್ಲಿ ಅಲ್ಲಲ್ಲಿ ಗಾಜಿನ ಜಾಡಿಯಲ್ಲಿ ಮರಿಹುಳಗಳನ್ನು ಕೂಡಿಹಾಕಿದ್ದಾರೆ. ಬೋರರ್ ಮರಿಯ ಹಾಗೇ ದುಂಡಗೆ, ಮೆತ್ತಗೆ. ಹತ್ತಿರ ಹೋದರೆ ಅಳು ಕೇಳುತ್ತದೆ. ಜಾಡಿ ಒಡೆದರೆ ಖುಷಿಯಿಂದ ಕುಣಿದು ಮಣ್ಣೊಳಗೆ ಇಳಿದು ಅಪ್ಪನ ಹತ್ತಿರ ಓಡುತ್ತದೆ. ಕೆಲವು ಜಾಡಿಯಲ್ಲಿ ಮರಿಯ ವೇಷದ ಬೇರೆ ಹುಳ ಇರುತ್ತದೆ, ಒಡೆದರೆ ಮೈಮೇಲೆ ಬೀಳುತ್ತದೆ. ಒಟ್ಟು 46 ಮರಿ. ನಾನು ಬಿಡಿಸಿದ್ದು 41. ಎಲ್ಲ ಮರಿಗಳ ಜಾಗ ತೋರಿಸೋ ಮ್ಯಾಪೂ ಒಂದು ಕಡೆ ಸಿಗುತ್ತದೆ ಅಂತ ಅಕ್ಕನ ಮಗ ಫೋನಿನಲ್ಲಿ ಶುರು ಮಾಡಿದ. ನೆಟ್‌ವರ್ಕ್ ಚೆನ್ನಾಗಿತ್ತು, ಕೇಳಿಸುತ್ತಿಲ್ಲ ಅಂತ ಹೇಳಿ ಕಣದಿಂದ ಇಳಿದು ಬಂದೆ.