ಬೆಳಿಗ್ಗೆ 7, ಸಂಜೆ 7: ಹೊರದೇಶದಲ್ಲಿ ಮನೆ, ಬೆಕ್ಕು ಕಾದ 4 ವರ್ಷ

ನಾನು ಹೌಸ್ ಸಿಟ್ಟಿಂಗ್ ಜಾಲತಾಣವೊಂದರ ಸದಸ್ಯೆಯಾಗಿ 4 ವರ್ಷವಾಯಿತು. ಹೊರದೇಶಕ್ಕೆ ಹೋದಾಗ ಯಾರದ್ದೋ ಮನೆಯಲ್ಲಿ ಇರುತ್ತೇನೆ. ಅವರು ಪ್ರವಾಸ ಮುಗಿಸಿ ಬರುವ ತನಕ ಅವರ ಬೆಕ್ಕು, ನಾಯಿ, ಗಿಡ ನೋಡಿಕೊಳ್ಳುತ್ತೇನೆ. ಇಲ್ಲಿಯವರೆಗೆ 16 ಮನೆ ಆಗಿವೆ. ತಾಣಕ್ಕೆ ವರ್ಷದ ಚಂದಾ, ಇಷ್ಟವಾದ ಮನೆಗೆ ಅರ್ಜಿ, ಮನೆಯವರ ಜೊತೆ ವಿಡಿಯೋ ಕಾಲ್, ಕೊನೆಗೆ ಇಬ್ಬರೂ ಬರೆಯುವ ರಿವ್ಯೂ, ಇದೆಲ್ಲ ನಿಮಗೆ ಗೊತ್ತಿರುತ್ತದೆ. ಟ್ರಸ್ಟೆಡ್ ಹೌಸ್‌ಸಿಟ್ಟರ್ಸ್, ನೊಮಡೋರ್ ಥರದ ದೊಡ್ಡ ತಾಣಗಳ ಬಗ್ಗೆ ಓದಿಯೂ ಇರುತ್ತೀರಿ. ನನ್ನದು ಅವುಗಳಷ್ಟು ದೊಡ್ಡದಲ್ಲ. ಆದರೂ ನಡೆಯುವ ರೀತಿ ಅದೇ. ಮನೆಯವರಿಗೂ ಸಿಟ್ಟರ್‌ಗಳಾದ ನಮಗೂ ನಡುವೆ ದುಡ್ಡಿನ ವ್ಯವಹಾರ ಇಲ್ಲ. ಹಾಗಾಗಿ ಅದನ್ನೆಲ್ಲ ಬಿಟ್ಟು ಪೆಪ್ಪರ್ ಬಗ್ಗೆ ಬರೆಯುತ್ತೇನೆ.

ಪೆಪ್ಪರ್ ಬೂದು ಬೆಕ್ಕು, ಆಗ ಅವನಿಗೆ 14 ವರ್ಷ. ಅವನಿಗೆ ಸಕ್ಕರೆ ಕಾಯಿಲೆ. 12 ಗಂಟೆಗೊಮ್ಮೆ ಇನ್ಸುಲಿನ್ ಕೊಡಬೇಕು. ಅವನ ಮನೆಯಲ್ಲಿ ನಾನು 3 ವಾರ ಇದ್ದೆ.

ಅರ್ಜಿ ಹಾಕುವಾಗ ಸೂಜಿ ಅಂದರೆ ಭಯವಿತ್ತು. ಮನೆಯ ಒಡತಿ ಹೊರಡುವ ಹಿಂದಿನ ದಿನ ಪಕ್ಕದಲ್ಲಿ ಕೂತು ಕಲಿಸಿದರು. ಮೊದಲು ಊಟ. ಅವನು ತಿಂದ ಮೇಲಷ್ಟೇ ಸೂಜಿ. ತಿನ್ನದಿದ್ದರೆ ವೆಟ್‌ಗೆ, ಅಂದರೆ ಪಶುವೈದ್ಯರಿಗೆ, ಫೋನ್. ಬಾಟಲಿ ಫ್ರಿಜ್‌ನಿಂದ ತೆಗೆದ ಮೇಲೆ ಕುಲುಕಬಾರದು, ಅಂಗೈಯಲ್ಲಿ ಮೆಲ್ಲಗೆ ಉರುಳಿಸಬೇಕು. ಸಿರಿಂಜ್‌ಗೆ 2 ಯುನಿಟ್ (ಇನ್ಸುಲಿನ್‌ನ ಅಳತೆ) ಎಳೆದುಕೊಂಡು, ಗುಳ್ಳೆ ಇದ್ದರೆ ಬೆರಳಲ್ಲಿ ತಟ್ಟಿ ತೆಗೆಯಬೇಕು. ಭುಜಗಳ ನಡುವಿನ ಚರ್ಮವನ್ನು ಗುಡಾರದ ಹಾಗೆ ಎತ್ತಿ ಹಿಡಿದು, ಆ ಗುಡಾರದ ಬಾಯಿಗೆ ಸೂಜಿ ಹಾಕಬೇಕು. ಸೂಜಿ ಆಚೆ ಬದಿಯಿಂದ ಹೊರಗೆ ಬಂದರೆ ಔಷಧಿಯೆಲ್ಲ ಕೂದಲ ಮೇಲೆ ಹೋಗುತ್ತದೆ. ಅದಕ್ಕೇ ಚುಚ್ಚಿದ ಮೇಲೆ ಕೂದಲು ಮುಟ್ಟಿ ನೋಡಬೇಕು, ಒದ್ದೆ ಇದೆಯಾ ಅಂತ. ಒದ್ದೆ ಇದ್ದರೂ ಇನ್ನೊಂದು ಸಲ ಕೊಡಬಾರದು, ಎಷ್ಟು ಒಳಗೆ ಹೋಗಿದೆ ಅಂತ ಗೊತ್ತಾಗಲ್ಲ ಅಲ್ವಾ?

ಮೂರನೇ ದಿನಕ್ಕೆ ಭಯ ಹೋಯಿತು. ಆಮೇಲೆ ಅದು ನನ್ನ ದಿನದ ಅತ್ಯಂತ ಪ್ರೀತಿಯ ಹೊತ್ತಾಯಿತು. 6:50ಕ್ಕೆ ಅವನೇ ಬಂದು ಹೊದಿಕೆಯ ಮೇಲೆ ಒಂದು ಕಾಲಿಡುತ್ತಿದ್ದ. ಒಂದೇ ಕಾಲು, ಅಷ್ಟೇ. ಅಡುಗೆಮನೆಯಲ್ಲಿ ತಟ್ಟೆಯ ಸದ್ದಾಗುವವರೆಗೆ ಬಾಗಿಲ ಚೌಕಟ್ಟಿಗೆ ಬೆನ್ನು ಉಜ್ಜುತ್ತ ನಿಲ್ಲುತ್ತಿದ್ದ. ತಿಂದು ಮುಗಿಸಿ ಕಿಟಕಿ ಹತ್ತಿರದ ಚಾಪೆಗೆ ತಾನೇ ಹೋಗಿ ಕೂರುತ್ತಿದ್ದ. ಅಲ್ಲೇ ಸೂಜಿ. ಚುಚ್ಚುವಾಗ ಅವನ ಗುರುಗುಟ್ಟುವಿಕೆ ಒಂದು ಕ್ಷಣ ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ನಂತರ ಅವನು ಮಲಮೂತ್ರ ಮಾಡುವ ಮರಳಿನ ಟ್ರೇ ಶುಚಿ ಮಾಡುತ್ತ, ಮೂತ್ರ ತಾಗಿ ಮರಳು ಕಟ್ಟಿದ ಗಂಟುಗಳನ್ನು ಎಣಿಸುತ್ತಿದ್ದೆ. ಸಕ್ಕರೆ ಏರಿದರೆ ನೀರು ಜಾಸ್ತಿ ಕುಡಿಯುತ್ತಾನೆ, ಗಂಟೂ ಜಾಸ್ತಿಯಾಗುತ್ತವೆ. "ಇವತ್ತು 3" ಅಂತ ಒಡತಿಗೆ ಮೆಸೇಜ್ ಹಾಕಿದರೆ, ಅವರು ಎಲ್ಲೇ ಇರಲಿ, ಉತ್ತರ ಬರುತ್ತಿತ್ತು.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಉಳಿಯುವ ಖರ್ಚು ಉಳಿಸಿ ಊರೆಲ್ಲ ಸುತ್ತಬೇಕು ಅನ್ನುವವರಿಗೆ ಇದು ಸರಿಹೋಗುವುದಿಲ್ಲ. 12 ಗಂಟೆಯ ಹಗ್ಗ ಕಟ್ಟಿಕೊಂಡ ಹಾಗೆ. ಬೆಳಿಗ್ಗೆ 7ಕ್ಕೆ ಇಲ್ಲಿ, ಸಂಜೆ 7ಕ್ಕೆ ಇಲ್ಲಿ. ನಡುವೆ ಹೋಗಿ ಬರುವಷ್ಟು ದೂರವೇ ನಿಮ್ಮ ಪ್ರವಾಸ. ನಾಯಿಯಾದರೆ ಇನ್ನೂ ಕಡಿಮೆ, ಎಷ್ಟೋ ಮನೆಯವರು 4 ಗಂಟೆಗಿಂತ ಹೆಚ್ಚು ಒಂಟಿಯಾಗಿ ಬಿಡಬೇಡಿ ಅನ್ನುತ್ತಾರೆ. ನನಗೆ ಮಾತ್ರ ಇದು ಹಿಡಿಸಿತು. ನಾನು ಒಂದೇ ಊರಲ್ಲಿ ವಾರಗಟ್ಟಲೆ ಸುಮ್ನೆ ಇರುವವಳು. ಬೀದಿಯ ಕೊನೆಯ ಮರ ಯಾವ ವಾರ ಎಲೆ ಉದುರಿಸಲು ಶುರುಮಾಡಿತು ಅಂತ ಕೇಳಿದರೆ ಹೇಳಬಲ್ಲೆ, ನೋಡಲೇಬೇಕಾದ ಜಾಗಗಳ ಪಟ್ಟಿ ಕೇಳಿದರೆ ಆಗುವುದಿಲ್ಲ. ಹೋಟೆಲ್‌ನಲ್ಲಿ 3 ವಾರ ಇರುವ ಶಕ್ತಿಯೂ ನನಗಿಲ್ಲ. ವರ್ಷದ ಚಂದಾ ಮೊದಲ ಕೆಲವು ರಾತ್ರಿಗಳಲ್ಲೇ ವಸೂಲಾಗುತ್ತದೆ.

ಇನ್ನು ತಾಣದ ಮೇಲೆ ನನಗಿರುವ ಸಿಟ್ಟಿನ ವಿಷಯ.

ಒಂಬತ್ತನೇ ದಿನ ಸಂಜೆ ಸಿರಿಂಜ್ ಡಬ್ಬಿ ಖಾಲಿಯಾಯಿತು. ಡ್ರಾದಲ್ಲಿ ಇನ್ನೊಂದು ಡಬ್ಬಿ ಇದೆ ಅಂತ ಒಡತಿ ಬರೆದಿಟ್ಟಿದ್ದರು. ತೆಗೆದೆ. ಸೂಜಿಯ ಮುಚ್ಚಳ ಕೆಂಪು. ಇಷ್ಟು ದಿನ ಬಳಸಿದ್ದು ಕಿತ್ತಳೆ ಬಣ್ಣದ್ದು. ಅದೊಂದೇ ವ್ಯತ್ಯಾಸ ನನ್ನನ್ನು ತಡೆದದ್ದು. ಡಬ್ಬಿ ತಿರುಗಿಸಿ ಓದಿದೆ. ಅದು ಯು-40 ಸಿರಿಂಜ್, ಪೆಪ್ಪರ್‌ಗೆ ಹಿಂದೆ ಬೇರೆ ಇನ್ಸುಲಿನ್ ಕೊಡುತ್ತಿದ್ದಾಗ ಉಳಿದದ್ದು. ಈಗಿನ ಬಾಟಲಿ ಯು-100. ಯು-100 ಅಂದರೆ ಒಂದು ಮಿಲಿಲೀಟರ್‌ನಲ್ಲಿ 100 ಯುನಿಟ್. ಯು-40 ಸಿರಿಂಜ್‌ನ ಗೆರೆಗಳು ಮಿಲಿಲೀಟರ್‌ಗೆ 40 ಯುನಿಟ್ ಲೆಕ್ಕದ್ದು. ಯು-100 ಇನ್ಸುಲಿನ್ ಅನ್ನು ಯು-40 ಸಿರಿಂಜ್‌ನಲ್ಲಿ 2ರ ಗೆರೆವರೆಗೆ ಎಳೆದರೆ ಒಳಗೆ ಹೋಗುವುದು 5 ಯುನಿಟ್, ಎರಡೂವರೆ ಪಟ್ಟು. ರಕ್ತದ ಸಕ್ಕರೆ ಕುಸಿದು ಬೆಕ್ಕು ತೂರಾಡುತ್ತದೆ, ಫಿಟ್ಸ್ ಬರಬಹುದು, ಸಾಯಲೂಬಹುದು.

ಕೈ ನಡುಗಿತು. ಒಡತಿಗೆ ಫೋನ್ ಮಾಡಿದೆ, ಅವರು ವಿಮಾನದಲ್ಲಿದ್ದರು. ವೆಟ್ ಕ್ಲಿನಿಕ್‌ಗೆ ಮಾಡಿದೆ. ಫೋನ್ ತೆಗೆದವರು ವಿನಯದಿಂದಲೇ ಹೇಳಿದರು: "ನಿಮ್ಮ ಹೆಸರು ನಮ್ಮ ಕಡತದಲ್ಲಿ ಇಲ್ಲ. ಡೋಸ್ ಬಗ್ಗೆ ಮಾತಾಡಲು ಆಗುವುದಿಲ್ಲ. ಸಿರಿಂಜ್ ಕೊಡಲೂ ಆಗುವುದಿಲ್ಲ." ತಾಣದ ಸಹಾಯವಾಣಿಗೆ ಮಾಡಿದೆ. ನಿಮ್ಮ ವೆಟ್ ಹತ್ತಿರ ಕೇಳಿ ಅಂದರು.

ಒಡತಿ ಕಲಿಸುವಾಗ ಹೇಳಿದ ಒಂದು ಮಾತು ನೆನಪಿತ್ತು. ಅನುಮಾನ ಬಂದರೆ ಕೊಡಬೇಡಿ, ಒಂದು ಡೋಸ್ ತಪ್ಪಿದರೆ ಸರಿಮಾಡಬಹುದು, ಜಾಸ್ತಿ ಹೋದರೆ ಆಗಲ್ಲ ಅಂತ. ಕೊಡಲಿಲ್ಲ. ಅವನು ತಿಂದು ಚಾಪೆಯ ಮೇಲೆ ಹೋಗಿ ಕೂತು ನನಗಾಗಿ ಕಾಯುತ್ತಿದ್ದ. ಅದನ್ನು ನೋಡಿ ಅತ್ತುಬಿಟ್ಟೆ. ರಾತ್ರಿಯೆಲ್ಲ ನೀರಿನ ಬಟ್ಟಲು ತುಂಬಿಸಿದೆ. ಬೆಳಿಗ್ಗೆ ಟ್ರೇಯಲ್ಲಿ 6 ಗಂಟು. ಒಡತಿ ಇಳಿದ ಕೂಡಲೇ ಕ್ಲಿನಿಕ್‌ಗೆ ಬರೆದರು, ಅಲ್ಲಿಂದ ಫೋನ್ ಬಂತು, 9:30ಕ್ಕೆ ಸರಿಯಾದ ಸಿರಿಂಜ್ ಕೈಗೆ ಬಂತು. ಸಂಜೆ 7ಕ್ಕೆ ಎಂದಿನಂತೆ ಶುರುಮಾಡಿ ಅಂದರು.

ಕ್ಲಿನಿಕ್‌ನವರ ಮೇಲೆ ನನಗೆ ಸಿಟ್ಟಿಲ್ಲ. ಯಾರೋ ಫೋನ್ ಮಾಡಿ ಕೇಳಿದರೆ ಅವರು ಹೇಗೆ ಹೇಳುತ್ತಾರೆ? ಸಿಟ್ಟು ತಾಣದ ಮೇಲೆ. ಮನೆಯವರು ತುಂಬುವ ಮಾಹಿತಿ ಫಾರ್ಮ್‌ನಲ್ಲಿ ವೈಫೈ ಪಾಸ್‌ವರ್ಡ್ ಕಡ್ಡಾಯ. ಕಸ ಯಾವ ದಿನ ಹೊರಗಿಡಬೇಕು ಅನ್ನುವುದು ಕಡ್ಡಾಯ. ಸಿಟ್ಟರ್ ಹೆಸರನ್ನು ವೆಟ್‌ಗೆ ಕೊಟ್ಟಿದ್ದೀರಾ, ಚಿಕಿತ್ಸೆಗೆ ಒಪ್ಪಿಗೆ ಪತ್ರ ಇದೆಯಾ, ಖರ್ಚು ಎಷ್ಟರವರೆಗೆ ಮಾಡಬಹುದು, ಈ ಪ್ರಶ್ನೆಗಳೇ ಇಲ್ಲ. ಎರಡು ಸಲ ಬರೆದೆ. ಧನ್ಯವಾದ ಹೇಳಿ ಉತ್ತರ ಬಂತು. ಫಾರ್ಮ್ ಇವತ್ತಿಗೂ ಹಾಗೇ ಇದೆ.

ವೀಸಾ ವಿಷಯದಲ್ಲೂ ಇದೇ ಅಸಡ್ಡೆ. ದುಡ್ಡು ಪಡೆಯುವುದಿಲ್ಲವಾದ್ದರಿಂದ ಇದು ಕೆಲಸವಲ್ಲ ಅಂತ ಬಹಳ ಜನ ನಂಬಿದ್ದಾರೆ. ಗಡಿಯಲ್ಲಿ ಕೂತ ಅಧಿಕಾರಿ ಹಾಗೆ ನೋಡಬೇಕೆಂದಿಲ್ಲ. ಮನೆಯಲ್ಲಿ ಬಿಟ್ಟಿ ವಾಸವನ್ನೇ ಕೂಲಿ ಅಂತ ಎಣಿಸಬಹುದು. ಬ್ರಿಟನ್ನಿನ ವಿಸಿಟರ್ ವೀಸಾದ ನಿಯಮ ಸಂಬಳ ಇಲ್ಲದ ಕೆಲಸವನ್ನೂ ನಿರ್ಬಂಧಿಸುತ್ತದೆ. ಅಮೆರಿಕದಲ್ಲಿ ಬೆಕ್ಕು ನೋಡಿಕೊಳ್ಳಲು ಬಂದೆ ಅಂದವರನ್ನು ವಿಮಾನ ನಿಲ್ದಾಣದಿಂದಲೇ ವಾಪಸ್ ಕಳಿಸಿದ್ದು ಸುದ್ದಿಯಾಗಿದೆ. ಸುಳ್ಳು ಹೇಳಿ ಒಳಗೆ ಹೋಗುವ ಧೈರ್ಯ, ಮನಸ್ಸು ಎರಡೂ ನನಗಿಲ್ಲ. ರಾಯಭಾರ ಕಚೇರಿಗೆ ಬರೆದು ಕೇಳಿ, ಉತ್ತರ ಕೈಗೆ ಬಂದ ಮೇಲಷ್ಟೇ ಅರ್ಜಿ ಹಾಕುತ್ತೇನೆ. ಇದರಿಂದ ಒಳ್ಳೊಳ್ಳೆ ಮನೆಗಳು ಕೈತಪ್ಪಿವೆ, ಪರವಾಗಿಲ್ಲ. ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ಷೆಂಗೆನ್ ದೇಶಗಳಿಗೆ ಹೋಗುವವರು 180 ದಿನಗಳಲ್ಲಿ ಹೆಚ್ಚೆಂದರೆ 90 ದಿನ ಅನ್ನುವ ಲೆಕ್ಕವನ್ನು ಮನೆಗಳ ತಾರೀಖಿನ ಪಕ್ಕದಲ್ಲೇ ಬರೆದಿಟ್ಟುಕೊಳ್ಳಿ. ಎರಡು ಮನೆ ಬೇರೆ ಬೇರೆ ದೇಶದಲ್ಲಿದ್ದರೂ ದಿನಗಳು ಒಟ್ಟಿಗೇ ಸೇರುತ್ತವೆ.

ಈಗ ವಿಡಿಯೋ ಕಾಲ್‌ನಲ್ಲಿ ನಾನೇ ಮೂರು ವಿಷಯ ಕೇಳುತ್ತೇನೆ: ವೆಟ್ ಕಡತದಲ್ಲಿ ನನ್ನ ಹೆಸರು ಸೇರಿಸುತ್ತೀರಾ, ನೀವು ಸಿಗದಿದ್ದರೆ ನಿಮ್ಮ ಪರವಾಗಿ ಯಾರು ಹೂಂ ಅನ್ನುತ್ತಾರೆ, ಔಷಧಿ ಡ್ರಾ ತೆರೆದು ತೋರಿಸುತ್ತೀರಾ. ಇಬ್ಬರು ಮುಖ ಗಂಟಿಕ್ಕಿದರು. ಆ ಮನೆಗಳಿಗೆ ನಾನು ಹೋಗಲಿಲ್ಲ. ಉಳಿದವರು ಖುಷಿಯಿಂದ ಎದ್ದು ಡ್ರಾ ತೆರೆದರು.

ಚಂದಾ ಈ ವರ್ಷವೂ ಕಟ್ಟಿದ್ದೇನೆ. 5ಕ್ಕೆ 3 ಅಂಕ ಕೊಡುತ್ತೇನೆ, ಫಾರ್ಮ್ ಸರಿಯಾದ ದಿನ ಇನ್ನೊಂದು. ಮುಂದಿನ ತಿಂಗಳು ಪೆಪ್ಪರ್ ಮನೆಗೇ ಮತ್ತೆ ಹೋಗುತ್ತಿದ್ದೇನೆ. ಅವನಿಗೀಗ 16. ಕ್ಲಿನಿಕ್‌ನಲ್ಲಿ ನನ್ನ ಹೆಸರು ಸೇರಿಸಿದ ಪತ್ರದ ಪ್ರತಿ ಒಡತಿ ಕಳಿಸಿದ್ದಾರೆ. ಜೊತೆಗೆ ಡ್ರಾದ ಒಂದು ಫೋಟೋ: ಎರಡು ಹೊಸ ಡಬ್ಬಿ, ಮುಚ್ಚಳ ತೆಗೆದಿಟ್ಟದ್ದು, ಎಲ್ಲ ಸೂಜಿಗೂ ಕಿತ್ತಳೆ ಬಣ್ಣ.