ಐದು ಮೀಟರ್ ಉದ್ದದ ಹಸುಗೂಸು ನೋಡಿ ಬಂದೆವು

ನಿದ್ದೆಗೆಟ್ಟ ಅಪ್ಪ ಅಮ್ಮಂದಿರು ರಾನ್ ಮ್ಯೂಕ್ ಮಾಡಿದ 'ಎ ಗರ್ಲ್' ಶಿಲ್ಪವನ್ನು ಒಮ್ಮೆ ನೋಡಬೇಕು. 2006ರದ್ದು, ಸ್ಕಾಟ್ಲೆಂಡ್‌ನ ನ್ಯಾಷನಲ್ ಗ್ಯಾಲರೀಸ್ ಸಂಗ್ರಹದಲ್ಲಿದೆ. ಏಳು ತಿಂಗಳ ಮಗಳನ್ನು ಎತ್ತಿಕೊಂಡೇ ಹೋಗಿದ್ದೆವು.

ಆಗಷ್ಟೇ ಹುಟ್ಟಿದ ಹೆಣ್ಣುಮಗು, ಉದ್ದ ಸುಮಾರು ಐದು ಮೀಟರ್. ಮೈಮೇಲೆ ರಕ್ತದ ಕಲೆ, ಹೊಕ್ಕುಳಬಳ್ಳಿಯ ತುಂಡು, ತಲೆಗೆ ಅಂಟಿದ ಒದ್ದೆ ಕೂದಲು, ಅರೆಬಿಟ್ಟ ಕಣ್ಣು ಬೇರೆ. ಫೈಬರ್‌ಗ್ಲಾಸ್, ಸಿಲಿಕೋನ್ ಅಂತ ಗೊತ್ತಿದ್ದರೂ ಉಸಿರಾಡುತ್ತಿದೆಯಾ ಅಂತ ಬಗ್ಗಿ ನೋಡಿದೆ, ರಾತ್ರಿ ಎರಡು ಗಂಟೆಗೆ ತೊಟ್ಟಿಲ ಹತ್ತಿರ ಹೋಗಿ ಮಾಡುತ್ತೇನಲ್ವಾ, ಹಾಗೇ. ಮ್ಯೂಕ್ ಮೊದಲು ಮಕ್ಕಳ ಟಿವಿಗೆ ಬೊಂಬೆ ಮಾಡುತ್ತಿದ್ದವರು. ಆ ಕೈಚಳಕ ಚರ್ಮದ ಒಂದೊಂದು ಸುಕ್ಕಿನಲ್ಲೂ ಕಾಣುತ್ತದೆ. ಮುದ್ದು ಮಾಡಬೇಕು ಅನ್ನಿಸಲಿಲ್ಲ, ಸ್ವಲ್ಪ ಭಯವೇ ಆಯಿತು. ಮೊದಲ ವಾರ ಮೂರು ಕೆಜಿಯ ಮಗು ನಮಗೂ ಇಷ್ಟೇ ದೊಡ್ಡದಾಗಿ ಕಂಡಿತ್ತು, ಮನೆಯಲ್ಲಿ ಬೇರೆ ಯಾವುದಕ್ಕೂ ಜಾಗವೇ ಇರಲಿಲ್ಲ.

ಅವರದೇ 2001ರ 'ಮದರ್ ಅಂಡ್ ಚೈಲ್ಡ್' ನಾನು ಫೋಟೋದಲ್ಲಷ್ಟೇ ನೋಡಿದ್ದು. ಅದು ಉಲ್ಟಾ, ನಿಜ ಅಳತೆಗಿಂತ ಚಿಕ್ಕದು. ಮಗು ಹೊಟ್ಟೆಯ ಮೇಲಿದೆ, ಅಮ್ಮ ಕೈ ಪಕ್ಕದಲ್ಲೇ ಇಟ್ಟುಕೊಂಡು ಸುಮ್ನೆ ನೋಡುತ್ತಿದ್ದಾಳೆ. ನನ್ನ ಹೆಂಡತಿಗೆ ಇದೇ ಜಾಸ್ತಿ ಹಿಡಿಸಿತು.

ಬಾಣಂತನ ಇನ್ನೂ ಹಸಿಯಾಗಿದ್ದರೆ ಸ್ವಲ್ಪ ಕಾದು ಹೋಗಿ. ನಮ್ಮ ಪಾಪು? ಶಿಲ್ಪದ ಕಡೆ ತಿರುಗಿಯೂ ನೋಡಲಿಲ್ಲ, ಚಾವಣಿಯ ದೀಪವನ್ನೇ ನೋಡುತ್ತಿದ್ದಳು.