ಸ್ಮಿತ್ ಅಂಡ್ ವೆಸನ್ ಮಾಡೆಲ್ 10: ಬಿಚ್ಚಿ ಜೋಡಿಸಿದ ಮೇಲೆ ಎಲ್ಲಿ ನೋಡಬೇಕು

ನನ್ನ ಹತ್ತಿರ ಇರುವ ಈ ರಿವಾಲ್ವರ್ .38 ಸ್ಪೆಷಲ್ ತೋಟಾದ್ದು, ನಾಲ್ಕಿಂಚಿನ ನಳಿಗೆ. ಟೆಕ್ಸಾಸ್‌ನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು, ಮೊದಲು ಪೊಲೀಸರ ಕೈಯಲ್ಲಿತ್ತು. ಹೊರಗೆ ಬಣ್ಣ ಸವೆದಿದೆ, ಒಳಗೆ ಗಟ್ಟಿಯಾಗಿದೆ. ಈ ವಿನ್ಯಾಸ 1899ರದು, ಮಾಡೆಲ್ 10 ಎಂಬ ಹೆಸರು ಬಂದದ್ದು 1957ರಲ್ಲಿ. ವರ್ಷಗಟ್ಟಲೆ ಬಳಸಿದ ಮೇಲೆ ನನಗೆ ತುಂಬ ಹಿಡಿಸಿದ್ದು ಒಂದು ಗುಣ. ಒಳಗೆ ಏನು ಸರಿಯಿಲ್ಲ ಅಂತ ಕೈಗೇ ಗೊತ್ತಾಗುತ್ತದೆ.

ಜೋಡಿಸಿದ ಮೇಲೆ ಪರೀಕ್ಷೆ ಮಾಡುವಾಗ ತೋಟಾ ತುಂಬುವ ಸಿಲಿಂಡರ್‌ನ ಆರೂ ಕೋಣೆ ಖಾಲಿ ಇರಬೇಕು, ತೋಟಾಗಳು ಬೇರೆ ರೂಮಿನಲ್ಲಿರಬೇಕು. ಇದರಲ್ಲಿ ರಿಯಾಯಿತಿ ಬೇಡ.

ಹೊಸಬರಿಗೆ ಮೊದಲ ಗಾಬರಿ ಸಿಲಿಂಡರ್ ತೆರೆದಿರುವಾಗ ಬರುತ್ತದೆ. ಟ್ರಿಗರ್ ಎಳೆಯಲು ಆಗುವುದಿಲ್ಲ, ತೋಟಾ ಸಿಡಿಸಲು ಬಡಿಯುವ ಹ್ಯಾಮರ್ ಹಿಂದೆ ಬರುವುದಿಲ್ಲ. ಕೆಟ್ಟಿಲ್ಲ, ಅದು ಇರಬೇಕಾದದ್ದೇ ಹಾಗೆ. ಸಿಲಿಂಡರ್ ತೆರೆಯಲು ಮುಂದೆ ತಳ್ಳುತ್ತೇವಲ್ಲ, ಆ ಗುಂಡಿಯನ್ನು ಹಿಂದಕ್ಕೆ ಎಳೆದು ಹಿಡಿದರೆ ಎಲ್ಲ ಓಡಾಡುತ್ತದೆ.

ಒಳಗಿನ ಭಾಗಗಳನ್ನು ಮುಚ್ಚುವ ಪಕ್ಕದ ತಗಡು ಸರಿಯಾಗಿ ಕೂರದಿದ್ದರೆ ಸ್ಕ್ರೂ ಬಿಗಿದು ಎಳೆಯಬೇಡಿ. ಬಹುಪಾಲು ಹ್ಯಾಮರ್ ಬ್ಲಾಕ್ ಜಾಗ ತಪ್ಪಿರುತ್ತದೆ. ಅದೊಂದು ತೆಳ್ಳಗಿನ ಉದ್ದ ತುಂಡು. ಅದನ್ನು ಬಿಟ್ಟು ಜೋಡಿಸಿದರೂ ರಿವಾಲ್ವರ್ ಚೆನ್ನಾಗಿಯೇ ಓಡುತ್ತದೆ, ಅದೇ ಅಪಾಯ. ಕೈಜಾರಿ ನೆಲಕ್ಕೆ ಬಿದ್ದಾಗ ಗುಂಡು ಹಾರದಂತೆ ತಡೆಯುವುದು ಆ ತುಂಡೇ. ತಗಡನ್ನು ತೆಗೆಯುವಾಗಲೂ ಮೀಟಬಾರದು. ಸ್ಕ್ರೂಗಳನ್ನು ತೆಗೆದು, ಹಿಡಿಯ ಚೌಕಟ್ಟಿಗೆ ಯಾವುದಾದರೂ ಉಪಕರಣದ ಮರದ ಹಿಡಿಕೆಯಿಂದ ಮೆಲ್ಲಗೆ ತಟ್ಟಿದರೆ ತಾನೇ ಮೇಲೇಳುತ್ತದೆ.

ಸ್ಕ್ರೂಗಳು ನೋಡಲು ಒಂದೇ ಥರ ಇದ್ದರೂ ಒಂದರ ಜಾಗಕ್ಕೆ ಇನ್ನೊಂದು ಹಾಕಬೇಡಿ. ಹಳೆಯ ಮಾಡೆಲ್‌ಗಳಲ್ಲಿ ಮುಂದಿನ ಸ್ಕ್ರೂವಿನ ತುದಿಯೇ ಸಿಲಿಂಡರ್ ಹೊತ್ತ ತೋಳನ್ನು ಹಿಡಿದಿರುತ್ತದೆ. ಅದು ಅದಲುಬದಲಾದರೆ ತೋಳು ಬಿಗಿಯುತ್ತದೆ, ಇಲ್ಲವೇ ಅಲ್ಲಾಡುತ್ತದೆ. ನಾನು ತೆಗೆದ ಕ್ರಮದಲ್ಲೇ ಒಂದು ಹಲಗೆಯಲ್ಲಿ ಸಿಕ್ಕಿಸಿ ಇಡುತ್ತೇನೆ.

ಟ್ರಿಗರ್ ಹಗುರವಾಗಿ, ಹಿತವಾಗಿ ಅನ್ನಿಸಿ, ರೇಂಜ್‌ನಲ್ಲಿ ಕೆಲವು ತೋಟಾ ಸಿಡಿಯದಿದ್ದರೆ ಹಿಡಿಯ ಮುಂಭಾಗದ ಸಣ್ಣ ಸ್ಕ್ರೂ ನೋಡಿ. ಹ್ಯಾಮರ್‌ನ ಪಟ್ಟಿ ಸ್ಪ್ರಿಂಗನ್ನು ಒತ್ತಿ ಹಿಡಿದಿರುವುದು ಅದು. ಪೂರ್ತಿ ಬಿಗಿಯಬೇಕು. ಟ್ರಿಗರ್ ಹಗುರ ಮಾಡಲು ಇದನ್ನು ಸಡಿಲ ಬಿಡುವವರಿದ್ದಾರೆ, ನನಗೆ ಅದು ಒಂಚೂರೂ ಒಪ್ಪಿಗೆಯಿಲ್ಲ.

ಸಿಲಿಂಡರ್ ಬಿಗಿಯಾಗಿ ತೆರೆಯುತ್ತಿದ್ದರೆ, ಖಾಲಿ ಕೇಸ್‌ಗಳನ್ನು ಹೊರತಳ್ಳುವ ಎಜೆಕ್ಟರ್ ಕಡ್ಡಿ ಸಡಿಲಾಗಿ ಉದ್ದವಾಗಿರಬಹುದು. 1960ರ ದಶಕದಿಂದೀಚಿನವುಗಳಲ್ಲಿ ಅದರ ತಿರುಪು ಉಲ್ಟಾ, ಎಡಕ್ಕೆ ತಿರುಗಿಸಿದರೆ ಬಿಗಿಯುತ್ತದೆ, ಎಚ್ಚರ. ಬಿಗಿಯುವಾಗ ಕೋಣೆಗಳಲ್ಲಿ ಖಾಲಿ ಕೇಸ್ ಹಾಕಿಡಿ, ಇಲ್ಲವಾದರೆ ಕೇಸ್‌ಗಳನ್ನು ಎತ್ತುವ, ಸಿಲಿಂಡರ್‌ನ ಹಿಂದಿನ ನಕ್ಷತ್ರದಾಕಾರದ ತುಂಡಿಗೆ ಪೆಟ್ಟು. ಆ ನಕ್ಷತ್ರದ ಕೆಳಗೆ ಸುಟ್ಟ ಮದ್ದಿನ ಒಂದು ಕಣ ಸಿಕ್ಕರೂ ಸಿಲಿಂಡರ್ ಉಜ್ಜುತ್ತದೆ. ಹಲ್ಲುಜ್ಜುವ ಹಳೆಯ ಬ್ರಷ್ ಸಾಕು.

ಕೊರತೆ? ಮರದ ಹಿಡಿ ಸಣ್ಣದು, ಜಾಸ್ತಿ ಹೊಡೆದರೆ ಅಂಗೈ ನೋಯುತ್ತದೆ. ನಾನು ರಬ್ಬರ್ ಹಿಡಿ ಹಾಕಿಸಿದ್ದೇನೆ.

ಹ್ಯಾಮರನ್ನು ನಿಧಾನವಾಗಿ ಎಳೆದು ಆರೂ ಕೋಣೆ ನೋಡಿ. ಹ್ಯಾಮರ್ ನಿಲ್ಲುವ ಮೊದಲೇ ಸಿಲಿಂಡರ್ ಟಕ್ ಅಂತ ಕಚ್ಚಬೇಕು. ಒಂದರಲ್ಲಿ ತಡವಾದರೂ ಮನೆಯಲ್ಲಿ ಅರದಿಂದ ಉಜ್ಜಲು ಹೋಗಬೇಡಿ, ಬಂದೂಕು ರಿಪೇರಿ ಮಾಡುವ ಗನ್‌ಸ್ಮಿತ್ ಹತ್ತಿರ ಕೊಡಿ.